ದೋಣಿ ಎಲ್ಲಿ ಕಟ್ಟೀರಿ?

ಬಾಗಲಕೋಟೆಯ ನವನಗರದಲ್ಲಿ ನಿವೃತ್ತ ಇತಿಹಾಸ ಮಾಸ್ತರರೊಬ್ಬರು ಹಾಯಿದೋಣಿಯ ಮಾಲಕರಾಗಿದ್ದಾರೆ. ಸಮುದ್ರ ಇಲ್ಲಿಂದ ಬಸ್ಸಿನಲ್ಲಿ ಒಂದು ರಾತ್ರಿಯ ದಾರಿ. ಮಾಲಕರಿಗೂ ಈ ಲೇಖಕನಿಗೂ ಇರುವುದು ಒಂದೇ ರೇಷನ್ ಕಾರ್ಡು, ಒಂದೇ ಚಷ್ಮಾ. ಆದರೆ ಕೆಲವು ಕೆಲಸಗಳನ್ನು ‘ನಾನು ಮಾಡಿದೆ’ ಎಂದು ಬರೆಯಲು ಕೈ ಏಳುವುದಿಲ್ಲ. ಹಾಗಾಗಿ ಇಲ್ಲಿ ಅವರನ್ನು ಮಾಲಕರು ಎಂದೇ ಕರೆಯುವುದು ಎರಡೂ ಕಡೆಯವರ ಮರ್ಯಾದೆಗೆ ಕ್ಷೇಮ.

ದೋಣಿ ಕೊಳ್ಳುವ ಹುಚ್ಚು ಹಿಡಿದದ್ದು ಐಹೊಳೆಯಲ್ಲಿ. ಹುನಗುಂದ ತಾಲ್ಲೂಕಿನ ಈ ಊರಿನ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಇಮ್ಮಡಿ ಪುಲಿಕೇಶಿಯು ಮದಗಜಗಳಂಥ ನೂರಾರು ಹಡಗುಗಳನ್ನು ಕಟ್ಟಿಕೊಂಡು ಹೋಗಿ ಪಡುವಣ ಕಡಲಿನ ಪುರಿಯನ್ನು ಮುತ್ತಿದ ಸಂಗತಿ ಅದರಲ್ಲಿ ಬರುತ್ತದೆ. ಈ ಪುರಿ ಮುಂಬೈ ಪಕ್ಕದ ಘಾರಾಪುರಿಯೇ ಎಂದು ಅನೇಕರ ಮತ. ಮಾಲಕರು ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಹೇಳಿ, ಪರೀಕ್ಷೆಯಲ್ಲಿ ಕೇಳಿ, ಅಂಕ ಕೊಟ್ಟವರು. ನಿವೃತ್ತಿಯಾದ ಮೇಲೆ ಒಂದು ದಿನ ಅದೇ ಗುಡಿಯ ಮುಂದೆ ನಿಂತಾಗ ಬಿಸಿಲು ನೆತ್ತಿಗೇರಿತೋ ಏನೋ. ಬಾದಾಮಿಯಂಥ ಬಂಡೆಗಲ್ಲಿನ ಊರಲ್ಲಿ ಕುಳಿತ ದೊರೆಗೆ ನೂರಾರು ಹಡಗು. ಹೊಳೆದಂಡೆಯ ಜಿಲ್ಲೆಯಲ್ಲಿ ಹುಟ್ಟಿದ ತನಗೆ ಒಂದೂ ಇಲ್ಲ! ಆ ಹಡಗುಗಳನ್ನೆಲ್ಲ ಅರಸ ಎಲ್ಲಿ ಕಟ್ಟುತ್ತಿದ್ದ, ಬೇಸಿಗೆಯಲ್ಲಿ ಯಾರು ಕಾಯುತ್ತಿದ್ದರು ಎಂಬುದನ್ನು ಮಾತ್ರ ರವಿಕೀರ್ತಿ ಬರೆದಿಲ್ಲ. ಕವಿಗಳು ಖರ್ಚಿನ ಬಾಬತ್ತು ಬರೆಯುವುದಿಲ್ಲ.

ಮರು ಬೇಸಿಗೆಯಲ್ಲೇ ದೋಣಿ ಸಿಕ್ಕಿತು. ಸೇತುವೆ ಬಂದ ಮೇಲೆ ಕೆಲಸ ಕಳೆದುಕೊಂಡು ಜಾಲಿ ಮರದ ಕೆಳಗೆ ಬೋರಲಾಗಿ ಬಿದ್ದಿದ್ದ ಕಟ್ಟಿಗೆಯ ದೋಣಿ. ಉದ್ದ ಇಪ್ಪತ್ತು ಅಡಿ, ವಯಸ್ಸು ಯಾರಿಗೂ ಗೊತ್ತಿಲ್ಲ. ಹಳೇ ಸ್ಕೂಟರಿನ ಬೆಲೆಗೆ ಕೊಂಡದ್ದಾಯಿತು. ದೋಣಿಯ ಜೊತೆಗೆ, ಕೇಳದಿದ್ದರೂ, ಅದನ್ನು ಮೊದಲು ನಡೆಸುತ್ತಿದ್ದ ಅಂಬಿಗರ ಕಾಕಾ ಕೂಡ ಬಂದರು. ಹನ್ನೆರಡನೆಯ ಶತಮಾನದ ಚೌಡಯ್ಯನಿಂದ ಹಿಡಿದು ಇವತ್ತಿನವರೆಗೆ ಅಂಬಿಗರ ನಾಲಿಗೆ ಮೊಂಡಾದ ದಾಖಲೆಯಿಲ್ಲ. ಕಾಕಾ ದೋಣಿಯ ಸುತ್ತ ಒಂದು ಸುತ್ತು ಹಾಕಿ, ಮಾಲಕರ ಸುತ್ತ ಇನ್ನೊಂದು ಸುತ್ತು ಹಾಕಿ, “ಸರ್ರ, ಇದರಾಗ ಯಾವುದು ಹಳೇದು ಅಂತ ತಿಳೀವಲ್ದು” ಎಂದರು.

ದೋಣಿಗೆ ಒಂದು ನೋಂದಣಿ ಇರಲಿ ಎಂದು ಮಾಲಕರು ಯಾವುದೋ ಒಂದು ಕಚೇರಿಗೆ ಹೋದದ್ದುಂಟು. ಕೊಟ್ಟ ಅರ್ಜಿಯಲ್ಲಿ ಎಂಜಿನ್ ನಂಬರಿನ ಕಾಲಂ ಇತ್ತು. ಎಂಜಿನ್ ಇಲ್ಲ, ಗಾಳಿಯಿಂದ ನಡೆಯುತ್ತದೆ ಎಂದರೆ, ಖಾಲಿ ಬಿಡುವಂತಿಲ್ಲ ಎಂಬ ಉತ್ತರ. ಮೂರು ಸಲ ತಿರುಗಿ, ನಾಲ್ಕನೆಯ ಸಲ ಮಾಲಕರು ಆ ಕಾಲಂನಲ್ಲಿ ‘ವಾಯುದೇವರು’ ಎಂದು ಬರೆದು ಬಂದರು. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಹಾಯಿಗೆ ಇಳಕಲ್ಲಿನ ಬಟ್ಟೆಯೇ ಆಗಬೇಕೆಂದು ಮಾಲಕರ ಹಟ. ನೇಕಾರರ ಮನೆಯಲ್ಲಿ ಹದಿನೆಂಟು ಮೊಳದ ಸೀರೆ ಕೇಳಿದಾಗ ಮಗ್ಗದ ಮೇಲಿದ್ದ ಹಿರಿಯರು ತಲೆಯೆತ್ತದೆ, “ಯಾರಿಗ್ರಿ, ಅಕ್ಕಾರಿಗೇನು?” ಎಂದರು. ದೋಣಿಗೆ ಎಂದದ್ದಕ್ಕೆ ಲಾಳಿ ನಿಂತಿತು. “ದ್ವಾಣೀದು ಮದಿವಿ ಐತೇನ್ರಿ?” ವಿಷಯ ತಿಳಿದ ಮೇಲೆ ಮಾತ್ರ ಅವರು ಗಂಭೀರರಾದರು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿ, ಜಗ್ಗಿ ತೋರಿಸಿ, ಒಡಲು ಹರಿದೀತೇ ಹೊರತು ಕೊಂಡಿ ಬಿಚ್ಚಲಾರದು ಎಂದರು. ಹೀಗೆ ಕೆಂಪು ತೋಪ ತೆನಿ ಸೆರಗಿನ ಹಾಯಿ ಸಿದ್ಧವಾಯಿತು. ಲಂಗರೂ ಇಳಕಲ್ಲಿನದೇ. ಊರ ಸುತ್ತಲಿನ ಕ್ವಾರಿಗಳ ಕೆಂಪು ಗ್ರಾನೈಟು ದೇಶಾಂತರಕ್ಕೆ ಹೋಗುತ್ತದೆ. ಮೂಲೆ ಮುಕ್ಕಾದ ತುಂಡೊಂದು ಮಾಲಕರಿಗೆ ಪುಕ್ಕಟೆ ಸಿಕ್ಕಿತು. ಒಂದು ಮುಖಕ್ಕೆ ಪಾಲಿಶ್ ಆಗಿದ್ದ ಆ ಲಂಗರಿನಲ್ಲಿ ಕನ್ನಡಿಯಂತೆ ಮುಖ ಕಾಣುತ್ತಿತ್ತು. ಮಾಲಕರ ಹೆಂಡತಿ ಅದನ್ನು ನೋಡಿ, “ಇದನ್ನ ಅಡಗಿಮನಿ ಕಟ್ಟಿಗಿ ಕೇಳಿ ಹತ್ತ ವರ್ಷ ಆತು” ಎಂದಷ್ಟೇ ಹೇಳಿ ಒಳಗೆ ಹೋದರು.

ಇನ್ನು ಕಟ್ಟುವ ಜಾಗ. ಬಾದಾಮಿಯ ಅಗಸ್ತ್ಯ ತೀರ್ಥ ನೋಡಲು ಚೆಂದ, ಆದರೆ ಅಲ್ಲಿಯ ಮಂಗಗಳು ಪ್ರವಾಸಿಗರ ಕೈಯ ಬಾಳೆಹಣ್ಣನ್ನೇ ಬಿಡುವುದಿಲ್ಲ, ಸೀರೆ ಬಿಟ್ಟಾವೆಯೇ? ಪಟ್ಟದಕಲ್ಲಿನ ಮಲಪ್ರಭೆ ಬೇಸಿಗೆಯಲ್ಲಿ ಎಮ್ಮೆ ಮಲಗುವಷ್ಟು ನೀರಿಗೆ ಇಳಿಯುತ್ತಾಳೆ. ಮುನಿದರೆ 2019ರ ಆಗಸ್ಟಿನಲ್ಲಿ ಮಾಡಿದಂತೆ ಗುಡಿಗಳ ಒಳಗೇ ಬರುತ್ತಾಳೆ. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಇದೆ. ಅಲ್ಲಿಯ ದಂಡೆಯ ಮೇಲೆ ಎರಡು ದಿನ ಇಟ್ಟು ನೋಡಿದ್ದೂ ಆಯಿತು. ಭಕ್ತರ ಕುಟುಂಬವೊಂದು ಬುತ್ತಿಗಂಟಿನೊಂದಿಗೆ ಹತ್ತಿ ಕುಳಿತು, “ಒಬ್ಬರಿಗೆ ಎಷ್ಟ ತಗೋತೀರಿ?” ಎಂದು ಕೇಳಿತು. ಮಾರಾಟಕ್ಕಲ್ಲ, ಬಾಡಿಗೆಗಲ್ಲ, ಸುಮ್ಮನೆ ಇಟ್ಟುಕೊಂಡ ದೋಣಿ ಎಂದರೆ ಯಾರು ನಂಬುತ್ತಾರೆ? ಕೊನೆಗೆ ಉಳಿದದ್ದು ಮನೆಗೆ ಹತ್ತಿರದ ಆಲಮಟ್ಟಿ ಹಿನ್ನೀರು.

ಜುಲೈ ಮಳೆಗೆ ನೀರು ಏರಿತು, ದೋಣಿ ಇಳಿಯಿತು. ಇಳಿದದ್ದೇ ಸಾಣಿಗೆಯಂತೆ ಸೋರತೊಡಗಿತು. ಬಿಸಿಲಿಗೆ ಹಲಗೆಗಳು ಒಣಗಿ, ಕುಗ್ಗಿ, ಸಂದಿ ಬಿಟ್ಟಿದ್ದವು. ಡಾಂಬರು, ಹತ್ತಿ, ಹರಿದ ಚೀಲ ಎಲ್ಲವನ್ನೂ ತುರುಕಿದ್ದಾಯಿತು. ಕಾಕಾ ಬೀಡಿ ಸೇದುತ್ತ ನೋಡಿ, “ಮುಳಗಸ್ರಿ ಅದನ್ನ” ಎಂದರು.

“ಏನಂದ್ರಿ?”

“ಪೂರಾ ಮುಳಗಸ್ರಿ. ಮೂರ ದಿನ ಹೊಟ್ಟಿ ತುಂಬ ನೀರ ಕುಡೀಲಿ. ಹಲಗಿ ಉಬ್ಬಿ ಸಂದಿ ತಾವ ಮುಚ್ಚತಾವ. ಆಮ್ಯಾಲ ತೇಲತೈತಿ.”

ಕಟ್ಟಿಗೆಯ ದೋಣಿ ಇರುವ ಕಡೆಯಲ್ಲೆಲ್ಲ ಇದು ಹಳೆಯ ವಿದ್ಯೆಯಂತೆ. ಮಾಲಕರು ಮೊಣಕಾಲುದ್ದದ ನೀರಿನಲ್ಲಿ ನಿಂತು, ಎರಡು ತಿಂಗಳ ಪೆನ್ಶನ್ ನುಂಗಿದ ದೋಣಿಗೆ ತಮ್ಮ ಕೈಯಾರೆ ಕಲ್ಲು ಹೇರಿದರು. ಗುಳುಗುಳು ಎಂದು ನಾಲ್ಕು ಗುಳ್ಳೆ ಬಿಟ್ಟು ಅದು ತಳ ಸೇರಿತು. ಅಂಚು ಮಾತ್ರ ನೀರಿನ ಮೇಲೆ, ಅಮಾವಾಸ್ಯೆ ಕಳೆದ ಚಂದ್ರನಂತೆ ತೆಳ್ಳಗೆ. ಕಳ್ಳತನವಾದೀತೆಂದು ಮಾಲಕರು ದಂಡೆಯ ಮೇಲೆ ಛತ್ರಿ ಬಿಚ್ಚಿ ಕುಳಿತರು. ಮುಳುಗಿದ ದೋಣಿಯನ್ನು ಯಾರು ಕದಿಯುತ್ತಾರೆ ಎಂದು ಅವರಿಗೆ ಹೊಳೆದದ್ದು ಮರುದಿನ.

ಮೊದಲ ಬೈಕು ನಿಂತಿತು. “ಯಾರರ ಹೋದ್ರೇನ್ರಿ?” ಇಲ್ಲ ಎಂದರು. “ಎಷ್ಟ ಮಂದಿ ಇದ್ರು?” ಯಾರೂ ಇರಲಿಲ್ಲ ಎಂದರು. ಬೈಕಿನವ ಲೊಚಗುಟ್ಟಿ, ಮಾತಾಡಲಾರದಷ್ಟು ದುಃಖವಾಗಿದೆ ಪಾಪ ಎಂದು ತೀರ್ಮಾನಿಸಿ, ಮುಂದಿನ ಹಳ್ಳಿಯಲ್ಲಿ ಸುದ್ದಿ ಹೇಳಿದ. ಹೊಲದಿಂದ ಬರುತ್ತಿದ್ದ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ಸಮಾಧಾನ ಹೇಳಿದರು. ಒಬ್ಬಾಕೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಸೂತಕದ ಮನೆಗೆ ಕೊಡುವಂತೆ. ಬೇಡ ಎನ್ನುವ ಧೈರ್ಯ ಮಾಲಕರಿಗೆ ಬರಲಿಲ್ಲ. ಹಸಿವೂ ಇತ್ತು. ಇದು ಬೇಕೆಂದೇ ಮುಳುಗಿಸಿದ್ದು ಎಂದು ಒಂದಿಬ್ಬರಿಗೆ ವಿವರಿಸಿದರೆ, ಅವರು ಪರಸ್ಪರ ಮುಖ ನೋಡಿ, ಮಾಲಕರ ಹಣೆ ಮುಟ್ಟಿ ನೋಡಿದರು.

ಎರಡನೆಯ ದಿನ ಸಂಜೆ, ಹಲಗೆ ಅರ್ಧ ಉಬ್ಬಿರುವ ಹೊತ್ತಿಗೆ, ಹಗ್ಗ ಹಿಡಿದು ಎಂಟು ಹತ್ತು ಹುಡುಗರು ಬಂದರು. ಮಾಲಕರು ಬಾಯಿ ತೆರೆಯುವುದರೊಳಗೆ ನೀರಿಗೆ ಹಾರಿ, ಕಲ್ಲು ಎಸೆದು, ‘ಹರಹರ ಮಹಾದೇವ’ ಎಂದು ದೋಣಿಯನ್ನು ದಡಕ್ಕೆ ಎಳೆದು ಹಾಕಿ, ನೀರು ಚೆಲ್ಲಿ, ಅಂಗಿ ಬಿಚ್ಚಿ ಒರೆಸಿ ಕೂಡ ಬಿಟ್ಟರು. ಫೋಟೋ ತೆಗೆಸಿಕೊಂಡರು. ಇಷ್ಟು ಪ್ರೀತಿಯಿಂದ ಮಾಡಿದ ಉಪಕಾರಕ್ಕೆ ‘ಯಾಕ ತಗದ್ರೋ’ ಎನ್ನುವುದು ಹೇಗೆ? ಎಲ್ಲರಿಗೂ ಗಿರಮಿಟ್ಟು, ಮಿರ್ಚಿ, ಚಹಾ. ಅವರು ಕಣ್ಮರೆಯಾಗುವ ತನಕ ಕೈ ಬೀಸಿ, ಕತ್ತಲಾಗಲಿ ಎಂದು ಕಾದು, ಮಾಲಕರು ಮತ್ತೆ ಒಂದೊಂದೇ ಕಲ್ಲು ಹೇರಿ ದೋಣಿಯನ್ನು ಎರಡನೆಯ ಸಲ ಮುಳುಗಿಸಿದರು. ಇದನ್ನು ಒಬ್ಬ ಕುರಿಗಾಹಿ ನೋಡಿಬಿಟ್ಟ.

ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಅರ್ಥವಾಗಿತ್ತು. ದಂಡೆಗೆ ಬಂದವರು ಈಗ ಸಾಂತ್ವನ ಹೇಳಲಿಲ್ಲ, ಹತ್ತಿರ ಕುಳಿತು, ದನಿ ತಗ್ಗಿಸಿ ಕೇಳಿದರು: “ಪರಿಹಾರ ಎಷ್ಟ ಬರತೈತ್ರಿ ಸರ್ರ?”

ಹೊರಗಿನವರಿಗೆ ಇದು ನಗೆಯ ಮಾತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 2006ರಲ್ಲಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ನಡುವಿನ ನಲವತ್ತೆರಡು ವರ್ಷ ಈ ಜಿಲ್ಲೆ ಕಲಿತ ಲೆಕ್ಕ ಒಂದೇ, ಯಾವುದು ಯಾವ ಮೀಟರಿಗೆ ಮುಳುಗುತ್ತದೆ. 519.60 ಎಂದರೆ ಈಗಿನ ನೀರು, 123 ಟಿಎಂಸಿ. 524.256 ಎಂದರೆ 2010ರಲ್ಲಿ ಜಲವಿವಾದ ನ್ಯಾಯಾಧಿಕರಣ ಒಪ್ಪಿದ, ಇನ್ನೂ ಬರಬೇಕಾದ ನೀರು. ಶಾಲೆಯ ಮಗ್ಗಿ ಮರೆತವರಿಗೂ ಈ ದಶಾಂಶ ಬಾಯಿಪಾಠ. ಹಳೇ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಹಿನ್ನೀರಿನ ಸೂರ್ಯಾಸ್ತ ನೋಡಲು ಕಾರಿನಲ್ಲಿ ಬಂದು ‘ಎಂಥ ಚೆಂದದ ಸರೋವರ’ ಎನ್ನುವವರನ್ನು ಕಂಡರೆ ಮಾಲಕರಿಗೆ ಸಿಟ್ಟು ಬರುತ್ತದೆ. ಅವರ ತಪ್ಪಲ್ಲ ಎಂದು ಗೊತ್ತಿದ್ದೂ ಬರುತ್ತದೆ. ಮೂರನೆಯ ದಿನ ಮೇಕೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬಳು ಎಲ್ಲ ವಿವರಣೆ ಕೇಳಿ, ನೀರನ್ನೇ ನೋಡುತ್ತ, “ಮುಳಗಿದ್ದು ಮತ್ತ ತೇಲತೈತೇನಪಾ?” ಎಂದಳು. ಮಾಲಕರು ದೋಣಿಯ ಬಗ್ಗೆಯಾದರೆ ಉತ್ತರ ಹೇಳಬಲ್ಲವರಾಗಿದ್ದರು.

ದೋಣಿ ತೇಲಿತು. ಒಂದು ತಂಬಿಗೆ ನೀರೂ ಒಳಗೆ ಬರಲಿಲ್ಲ. ಹಾಯಿ ಏರಿಸಿದರು, ಪಡುವಣ ಗಾಳಿಗೆ ಕೆಂಪು ಸೆರಗು ತುಂಬಿಕೊಂಡು ದೋಣಿ ಹೊರಟದ್ದು ನಿಜಕ್ಕೂ ಮದಗಜವೇ. ಆದರೆ ಸಪಾಟು ತಳದ ದೋಣಿ ಗಾಳಿ ನೂಕಿದ ಕಡೆ ಹೋಗುತ್ತದೆಯೇ ಹೊರತು ಎದುರು ಬರುವುದಿಲ್ಲ. ಹೋಗುವುದು ವಾಯುದೇವರ ಕೆಲಸ, ಬರುವುದು ಕಾಕಾನ ಜಲ್ಲೆಯ ಕೆಲಸ.

ಈ ಮಧ್ಯೆ ಮಾಲಕರು ಪತ್ರಿಕೆ ಕತ್ತರಿಸಿ ಅಂಟಿಸುವ ಚಟ ಬೆಳೆಸಿಕೊಂಡರು. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿಯೊಂದಿದೆ, 56 ಅಡಿ. ಅದರಲ್ಲಿ ಅಭಿಲಾಷ್ ಟಾಮಿ 2012-13ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದರು. ದೋಣಿಯ ಹೆಸರು ‘ಮ್ಹಾದೆಯಿ’, ಅಂದರೆ ನಮ್ಮ ಮಹದಾಯಿ! ಮಲಪ್ರಭೆಯೂ ಮಹದಾಯಿಯೂ ಹುಟ್ಟುವುದು ಒಂದೇ ಖಾನಾಪುರ ತಾಲ್ಲೂಕಿನಲ್ಲಿ. ಒಬ್ಬಳು ಗೋವಾ ಕಡೆ ಇಳಿದಳು, ಇನ್ನೊಬ್ಬಳು ಬಾದಾಮಿ ಸೀಮೆಗೆ ಬಂದಳು. ಮಹದಾಯಿಯ ನೀರಿಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕುಳಿತವರ ಮುಂದೆ ಈ ಚೀಟಿಯನ್ನು ಓದಿ ಹೇಳಿದಾಗ ಒಬ್ಬರು, “ಹೆಸರರ ಜಗತ್ತ ತಿರಗಿ ಬಂತಲ್ರಿ, ನೀರ ಮಲಪ್ರಭಾಕ್ಕ ಬರವಲ್ದು” ಎಂದರು. 2017ರಲ್ಲಿ ‘ತಾರಿಣಿ’ಯಲ್ಲಿ ಹೊರಟ ಆರು ಮಂದಿ ನೌಕಾಪಡೆಯ ಹೆಣ್ಣುಮಕ್ಕಳು 254 ದಿನಕ್ಕೆ ತಿರುಗಿ ಬಂದರು. ಅಷ್ಟೇ ದಿನಗಳಲ್ಲಿ ಮಾಲಕರ ದೋಣಿ ಪ್ರಯಾಣ ಮಾಡಿದ್ದು ಹೆಚ್ಚೂಕಡಿಮೆ ಗೂಟದಿಂದ ಗೂಟಕ್ಕೆ.

ಆ ಗೂಟದ್ದೇ ದೊಡ್ಡ ಕಥೆ. ಕರಾವಳಿಯವರು ಜೂನ್, ಜುಲೈಯಲ್ಲಿ ದೋಣಿ ದಡಕ್ಕೆಳೆದು ರಿಪೇರಿಗೆ ಕೂಡುತ್ತಾರೆ. ಇಲ್ಲಿ ಆವಾಗಲೇ ದೋಣಿ ನೀರು ಕಾಣುವುದು. ದೀಪಾವಳಿ ಕಳೆದ ಮೇಲೆ ನೀರು ಹಿಂದೆ ಸರಿಯತೊಡಗುತ್ತದೆ. ಇವತ್ತು ಕಟ್ಟಿದ ದಂಡೆ ಮುಂದಿನ ವಾರ ಎರಿ ಮಣ್ಣಿನ ಕೆಸರು, ಅದರ ಮುಂದಿನ ವಾರ ಯಾರದೋ ಕಡಲೆ ಹೊಲ. ಪೇಟೆಯಲ್ಲಿ “ದೋಣಿ ಎಲ್ಲಿ ಕಟ್ಟೀರಿ?” ಎಂದು ಕೇಳಿದವರಿಗೆ ಮಾಲಕರು ಮೊದಮೊದಲು ಸ್ಥಳ ಹೇಳುತ್ತಿದ್ದರು, ಆಮೇಲೆ ತಾರೀಕು ಕೇಳಿ ಹೇಳತೊಡಗಿದರು. ಒಂಬತ್ತನೆಯ ಗೂಟದ ಹೊತ್ತಿಗೆ ಸಂಕ್ರಾಂತಿ ಮುಗಿದಿತ್ತು, ಹೆರಕಲ್ಲಿನ ಹಿನ್ನೀರಿಗೆ ರಾಜಹಂಸಗಳು ಬಂದಿದ್ದವು. ಒಂಟಿ ಕಾಲಿನ ಮೇಲೆ ನಿಂತ ಅವುಗಳ ಮೊಣಕಾಲಿಗೂ ನೀರು ಸಾಲದಿದ್ದ ದಿನ ದೋಣಿ ನೆಲ ಕಚ್ಚಿತು. ಲಂಗರಿನ ಮೇಲೆ ಮೇಕೆಯೊಂದು ನಿಂತು ತನ್ನ ಮುಖ ನೋಡಿಕೊಳ್ಳುತ್ತಿತ್ತು.

ಹಾಗೇ ಬಿಟ್ಟು ಮನೆಗೆ ಬರಬಹುದಿತ್ತು. ಆದರೆ ಬಂದದ್ದು ಹೋಳಿ. ಬಾಗಲಕೋಟೆಯ ಹೋಳಿ, ಹಲಗಿ ಮೇಳ, ಬಣ್ಣದ ಬ್ಯಾರಲ್ಲುಗಳ ಬಗ್ಗೆ ಹೇಳುವುದೇ ಬೇಡ. ಕಾಮದಹನಕ್ಕೆ ಕಟ್ಟಿಗೆ, ಕುಳ್ಳು ಕದಿಯುವುದು ಹುಡುಗರ ಹಕ್ಕು, ಬೈದವರಿಗೇ ಪಾಪ. ಒಣಗಿದ ಇಪ್ಪತ್ತು ಅಡಿ ಕಟ್ಟಿಗೆ, ಡಾಂಬರು ಬಳಿದದ್ದು, ಬಟಾಬಯಲಲ್ಲಿ, ಯಾರೂ ಇಲ್ಲ. ಕಾಮಣ್ಣನಿಗೆ ಇದಕ್ಕಿಂತ ಒಳ್ಳೆಯ ವಾಹನ ಸಿಕ್ಕೀತೇ? ಮಾಲಕರು ಕಂಬಳಿ, ಬ್ಯಾಟರಿ, ತಂಬಿಗೆ ಹಿಡಿದು ಹೋಗಿ, ನೀರಿನಿಂದ ಎಷ್ಟೋ ದೂರ ನೆಲದ ಮೇಲೆ ಕುಳಿತ ದೋಣಿಯಲ್ಲಿ ಮಲಗಿದರು.

ನಡುರಾತ್ರಿ ಹಲಗಿ ಸದ್ದು ಹತ್ತಿರ ಬಂತು. ಬ್ಯಾಟರಿ ಬೆಳಕಿಗೆ ಕಂಡ ಮುಖಗಳಲ್ಲಿ ನಾಲ್ಕು ಪರಿಚಿತ. ಜುಲೈಯಲ್ಲಿ ನೀರಿಗೆ ಹಾರಿದವೇ. ಹುಡುಗರೂ ಗುರುತು ಹಿಡಿದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

“ಸರ್ರ, ನಾವ ತಗದಿದ್ದ ದ್ವಾಣಿ ಇದು.”

“ಹೌದೋ.”

“ಹಂಗಾರ ಇದರಾಗ ನಮ್ಮ ಪಾಲೂ ಐತಿ.”

ವಾದ ಸರಿಯಾಗಿಯೇ ಇತ್ತು. ಅರ್ಧ ತಾಸು ಚೌಕಾಶಿ ನಡೆಯಿತು. ಮೊದಲು ಒಂದು ಹಲಗೆ ಕೇಳಿದರು, ಆಮೇಲೆ ಹಾಯಿಯ ಬಿದಿರು, ಆಮೇಲೆ ನೂರಾ ಒಂದು ರೂಪಾಯಿ. ಕೊನೆಗೆ ಮಾಲಕರು ಎದ್ದು, ಸೀಳು ಬಿಟ್ಟಿದ್ದ ಹಳೇ ಹುಟ್ಟೊಂದನ್ನು ಕೊಟ್ಟರು. ಹುಡುಗರು ಅದನ್ನು ಹೆಗಲ ಮೇಲೆ ಹೊತ್ತು, ಹಲಗಿ ಬಾರಿಸುತ್ತ, ಕಡಲೆ ಕಿತ್ತ ಹೊಲಗಳ ನಡುವೆ ಊರ ಕಡೆ ಹೋದರು. ಮಾಲಕರು ಕಂಬಳಿ ಎಳೆದುಕೊಳ್ಳುವ ಮೊದಲು ಗೂಟಕ್ಕೆ ಹಗ್ಗ ಸರಿಯಾಗಿ ಬಿಗಿದಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದರು.