ಹೆಣೆಯೋ ಲೆಕ್ಕಕ್ಕೂ ಕಾಸು ಬರಲಿ

ಅಕ್ಕಾ, ನಿಮ್ಮ ಕುಲಾವಿ ಮಾದರಿ ಕೇಳಿಕೊಂಡು ಮತ್ಯಾರೋ ಬಂದಿದ್ರಂತಲ್ಲ? ಬರೆದು ಕೊಟ್ಟೂ ಆಯ್ತಾ? ಕೊಡಬೇಡಿ ಅಂತ ನಾನು ಹೇಳೋಲ್ಲ. ಆದರೆ ಅದನ್ನ ಮಾರಬಹುದು ಅಂದಾಗ "ಒಂದು ಹಾಳೆಗೆ ಯಾರೇ ದುಡ್ಡು ಕೊಡ್ತಾರೆ?" ಅಂದ್ರಲ್ಲ, ಆ ಮಾತು ನಾನು ಒಪ್ಪಲ್ಲ. ಒಲೆ ಮೇಲೆ ಏನೂ ಇಟ್ಟಿಲ್ಲ ತಾನೇ? ಹಾಗಿದ್ರೆ ಸ್ವಲ್ಪ ನಿಲ್ಲಿ.

ಕೊಡ್ತಾರೆ ಅಕ್ಕಾ, ಅದೂ ಇವತ್ತು ನಿನ್ನೆಯಿಂದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇನ್ ಗಾಗೇನ್ ಅಂತ ಒಬ್ಬರು ಉಣ್ಣೆ, ದಾರದ ವ್ಯಾಪಾರ ಮಾಡ್ತಿದ್ರು. 1840ರಲ್ಲೇ ಹೆಣಿಗೆ ಮಾದರಿಗಳ ಪುಸ್ತಕ ತಂದ್ರು. ಒಂದೊಂದು ಕುಣಿಕೆಗೂ ಉದ್ದುದ್ದ ವಾಕ್ಯ ಯಾಕೆ ಅಂತ ಗುರುತಿನ ಅಕ್ಷರಗಳನ್ನ ಇಟ್ರು. ಉಣ್ಣೆ ಮಾರೋರೇ ಹೆಣೆಯೋ ದಾರಿಯನ್ನೂ ಮಾರಿದ್ದು.

ಆದರೆ ನನಗೆ ತುಂಬಾ ಮೆಚ್ಚಿಗೆಯಾದೋರು ಎಲಿಜಬೆತ್ ಜಿಮ್ಮರ್‌ಮನ್. 1910ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಸಾರ ಹೂಡಿದೋರು. ಅವರು ದುಂಡು ಕಡ್ಡಿಯಲ್ಲಿ ಸುತ್ತಿಕೊಂಡು ಹೆಣೀತಿದ್ರು. ಸುತ್ತು ಹೆಣಿಗೆಯಲ್ಲಿ ಸಾದಾ ಸ್ವೆಟರಿಗೆ ಉಲ್ಟಾ ಸಾಲೇ ಬೇಡ, ಪಕ್ಕದಲ್ಲಿ ಹೊಲಿಗೆಯೂ ಬೇಡ. ಆದರೆ ಅವರು ಕಳಿಸಿದ ಮಾದರಿಯನ್ನ ಪತ್ರಿಕೆಯೋರು ಮುಂಭಾಗ ಬೇರೆ, ಹಿಂಭಾಗ ಬೇರೆ ಹೆಣೆದು ಹೊಲಿಯೋ ಹಾಗೆ ತಿದ್ದಿ ಅಚ್ಚು ಹಾಕಿದ್ರು. ಆಕೆ ಕೈಕಟ್ಟಿ ಕೂರಲಿಲ್ಲ. ತನ್ನ ಮಾದರಿ ತನ್ನ ಮಾತಲ್ಲೇ ಜನರ ಕೈಸೇರಲಿ ಅಂತ 1958ರಲ್ಲಿ ತಾನೇ ಒಂದು ಪುಟ್ಟ ಪತ್ರಿಕೆ ಶುರುಮಾಡಿದ್ರು. ಮರುವರ್ಷ ಅಂಚೆಯಲ್ಲಿ ಉಣ್ಣೆ, ಕಡ್ಡಿ, ಮಾದರಿ ಕಳಿಸೋ ಸ್ಕೂಲ್‌ಹೌಸ್ ಪ್ರೆಸ್ ಹುಟ್ಟಿತು. ಸಂಸಾರ ಇದ್ದದ್ದು ಒಂದು ಹಳೇ ಶಾಲೆಯ ಕಟ್ಟಡದಲ್ಲಿ, ಅದಕ್ಕೇ ಆ ಹೆಸರು. ಮನೆಯೊಳಗಿಂದ ಶುರುವಾದ ವ್ಯಾಪಾರ ಅಕ್ಕಾ, ಆಮೇಲೆ ಮಗಳು ಮುಂದುವರಿಸಿದ್ರು.

ಹೊಸದಾಗಿ ಕಂಡುಹಿಡಿಯೋದು ಹೆಣಿಗೆಯಲ್ಲಿ ಕಡಿಮೆ, ಎಲ್ಲೋ ಯಾರೋ ಅದನ್ನ ಆಗಲೇ ಹೆಣೆದಿರ್ತಾರೆ ಅಂತ ಎಲಿಜಬೆತ್ ಅವರ ನಂಬಿಕೆ. ಹಾಗಿದ್ರೆ ಅವರು ಮಾರಿದ್ದೇನು? ಲೆಕ್ಕ! ಎದೆಸುತ್ತಿಗೆ 200 ಕುಣಿಕೆ ಆದ್ರೆ ಮುಂಗೈ ಪಟ್ಟಿಗೆ ನೂರಕ್ಕೆ 20ರಂತೆ 40, ಕುತ್ತಿಗೆಗೆ ನೂರಕ್ಕೆ 40ರಂತೆ 80. ಉಣ್ಣೆ ದಪ್ಪ ಇರಲಿ ತೆಳು ಇರಲಿ, ತೊಡೋರು ಮಗು ಇರಲಿ ಮಾವನವರಿರಲಿ, ಇಲ್ಲಿಂದ ಶುರುಮಾಡಿ ಮೈಗೆ ತಕ್ಕಂತೆ ಹೊಂದಿಸಿಕೊಂಡ್ರೆ ಆಯ್ತು.

ನಿಮ್ಮ ಕುಲಾವಿಗೇ ಬನ್ನಿ. 10 ಸೆಂಟಿಮೀಟರಿಗೆ 22 ಕುಣಿಕೆ ಬರುತ್ತೆ ನಿಮ್ಮ ಕೈಗೆ. 40 ಸೆಂಟಿಮೀಟರ್ ಸುತ್ತಿಗೆ 88. ಅದೇ ಸಡಿಲ ಕೈಯೋರು ಹೆಣೆದ್ರೆ ಅಷ್ಟೇ ಅಗಲಕ್ಕೆ 20 ಕುಣಿಕೆ. ಆಗ ಅದೇ 88 ಕುಣಿಕೆ 44 ಸೆಂಟಿಮೀಟರ್ ಆಗಿ, ಟೋಪಿ ಮಗುವಿನ ಕಣ್ಣಿಗೇ ಇಳಿಯುತ್ತೆ. ಅದಕ್ಕೇ ಮಾದರಿಯ ಮೊದಲ ಸಾಲಲ್ಲೇ "ಅಂಗೈಯಗಲದ ತುಂಡು ಹೆಣೆದು ಅಳೆದು ನೋಡಿ" ಅಂತ ಬರೀಬೇಕು. ಇನ್ನು ಕುಲಾವಿ ಮೇಲಿನ ನಿಮ್ಮ ಬಳ್ಳಿ ಚಿತ್ತಾರ 8 ಕುಣಿಕೆಗೊಂದು ಸಲ ತಿರುಗುತ್ತಲ್ಲ, 88ರಲ್ಲಿ ಸರಿಯಾಗಿ 11 ಬಳ್ಳಿ. ಚಿಕ್ಕ ಅಳತೆ ಬೇಕು ಅಂದ್ರೆ ಮನಸ್ಸಿಗೆ ಬಂದಷ್ಟು ಇಳಿಸೋ ಹಾಗಿಲ್ಲ, 80ಕ್ಕೇ ಇಳೀಬೇಕು. ದೊಡ್ಡದಕ್ಕೆ 96. ನೆತ್ತಿ ಹತ್ರ ಕುಣಿಕೆ ಕಡಿಮೆ ಮಾಡೋವಾಗಲೂ ಬಳ್ಳಿ ತುಂಡಾಗಬಾರದು. ನಮ್ಮತ್ತೆ ಹುಳಿಪುಡಿ ಹೇಳಿಕೊಟ್ಟ ಹಾಗೆ "ಕಣ್ಣಳತೆಗೆ ಹಾಕು" ಅಂದ್ರೆ ಇಲ್ಲಿ ನಡೆಯಲ್ಲ. ಹೀಗೆ ಮೂರು ಅಳತೆಗೂ ಒಂದೊಂದು ಸಾಲನ್ನೂ ಲೆಕ್ಕ ಹಾಕಿ ಬರೆಯೋದು ನೀವು. ದುಡ್ಡು ಹಾಳೆಗಲ್ಲ ಅಕ್ಕಾ, ಇದಕ್ಕೆ.

ಬರೆದ ಮೇಲೆ ಆ ಕುಲಾವಿಯನ್ನ ನೋಡೇ ಇರದ ಒಬ್ಬರ ಕೈಗೆ ಕೊಡಿ. ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಅವರು ಎಲ್ಲಿ ಕಡ್ಡಿ ನಿಲ್ಲಿಸಿ "ಇದೇನು?" ಅಂತಾರೋ ಆ ಸಾಲನ್ನ ತಿದ್ದಿ. ಮಾರೋರಲ್ಲಿ ತುಂಬಾ ಜನ ಹೀಗೆ ಹೆಣೆಸಿ ನೋಡ್ತಾರೆ. ಲೆಕ್ಕ ತಾಳೆ ನೋಡೋಕೆ ಬೇರೆಯೋರಿಗೆ ಸಂಬಳ ಕೊಡೋರೂ ಇದಾರೆ. ಫೋಟೋ ಬಿಸಿಲ ಬೆಳಕಲ್ಲಿ ತೆಗೀಬೇಕು, ಕುಣಿಕೆ ಎಣಿಸೋ ಹಾಗೆ ಕಾಣಬೇಕು. ಇದೆಲ್ಲ ಮೊದಲ ಪ್ರತಿ ಮಾರಾಟ ಆಗೋ ಮುಂಚೆಯೇ ಆಗೋ ಖರ್ಚು, ದುಡಿಮೆ.

ಆದರೆ ಲಾಭ ಇರೋದೂ ಅಲ್ಲೇ. ಸ್ವೆಟರ್ ಹೆಣೆದು ಮಾರಿದ್ರೆ ವಾರಗಟ್ಟಲೆ ಕೂತ ಕೈಕೆಲಸಕ್ಕೆ ಒಂದೇ ಸಲ ಕಾಸು. ಗಂಟೆ ಲೆಕ್ಕ ಹಾಕಿ ಬೆಲೆ ಹೇಳಿದ್ರೆ ಯಂತ್ರದ ಸ್ವೆಟರ್ ತೋರಿಸಿ ಚೌಕಾಸಿ ಮಾಡ್ತಾರೆ. ಮಾದರಿ ಹಾಗಲ್ಲ. ಒಂದು ಸಲ ಸರಿಯಾಗಿ ಬರೆದ್ರೆ ಎಷ್ಟು ಜನಕ್ಕೆ ಬೇಕಾದ್ರೂ ಮಾರಬಹುದು, ಇನ್ನೊಂದು ಎಳೆ ಉಣ್ಣೆ ಬೇಡ. 2007ರಲ್ಲಿ ಶುರುವಾದ ರಾವೆಲ್ರಿ ಅನ್ನೋ ಹೆಣಿಗೆಯೋರ ಅಂತರ್ಜಾಲ ತಾಣದಲ್ಲಿ ಮನೆಯಲ್ಲೇ ಕೂತು ಎಷ್ಟೋ ಜನ ಪಿಡಿಎಫ್ ಮಾಡಿ ಮಾರ್ತಿದಾರೆ. ಎಲ್ಲರಿಗೂ ಹೊಟ್ಟೆ ತುಂಬೋಷ್ಟು ಬರುತ್ತೆ ಅಂತ ನಾನು ಹೇಳಲ್ಲ. ಒಂದು ಮಾದರಿ ಓಡುತ್ತೆ, ಇನ್ನೊಂದು ಕೂತುಬಿಡುತ್ತೆ. ಹತ್ತಾರು ಸೇರಿದಾಗಲೇ ಕೈಗೆ ಒಂದಿಷ್ಟು ಹತ್ತೋದು.

"ಕುಣಿಕೆ ಎಲ್ಲರದ್ದಲ್ವಾ?" ಅಂತೀರಾ? ಹೌದು, ಕುಣಿಕೆ ಎಲ್ಲರದ್ದೇ. ಜಡೆ ಹೆಣಿಗೆ ನಂದು ಅಂತ ಯಾರೂ ಅನ್ನೋ ಹಾಗಿಲ್ಲ. ಆದರೆ ನೀವು ಬರೆದ ವಾಕ್ಯ, ನೀವು ಬಿಡಿಸಿದ ಚೌಕದ ನಕ್ಷೆ, ನೀವು ತೆಗೆದ ಫೋಟೋ ನಿಮ್ಮದು. ಒಬ್ಬರು ಕೊಂಡು ನೂರು ಜನಕ್ಕೆ ವಾಟ್ಸಾಪಲ್ಲಿ ಕಳಿಸಿದ್ರೆ ಬರೆದೋರಿಗೆ ಬರೋದು ಒಂದೇ ಪ್ರತಿ ದುಡ್ಡು. ಹೆಂಗಸರು ಬಿಡುವಲ್ಲಿ ಮಾಡೋ ಕೆಲಸ, ಇದಕ್ಕೆಂಥ ಬೆಲೆ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಈ ಲೆಕ್ಕ ಹಾಕೋಕೆ ತಲೆ ಬೇಕು, ವರ್ಷಗಟ್ಟಲೆ ಕೈ ಪಳಗಿರಬೇಕು.

ಅದಕ್ಕೇ ಕೇಳಿಕೊಳ್ತೀನಿ. ನಿಮ್ಮ ಮಾದರಿಗೆ ಬೆಲೆ ಹೇಳೋಕೆ ಸಂಕೋಚಪಡಬೇಡಿ. ಬೇರೆಯೋರ ಮಾದರಿ ಇಷ್ಟ ಆದ್ರೆ ಕೊಂಡೇ ಹೆಣೀರಿ. ಹೆಣೆದದ್ದನ್ನ ನಾಲ್ಕು ಜನಕ್ಕೆ ತೋರಿಸೋವಾಗ ಬರೆದೋರ ಹೆಸರನ್ನೂ ಹೇಳಿ.