ವಿಪ್ರಲಬ್ಧ ವಾಚಕ ಮೀಮಾಂಸೆ: ಚೈನಾ ಮಿಯೇವಿಲ್ ಓದುಗರ ಅವಸ್ಥಾಭೇದಗಳು

ನಾಟ್ಯಶಾಸ್ತ್ರವನ್ನು ಬರೆದ ಭರತಮುನಿ ನಾಯಿಕೆಯರನ್ನು ಅವಸ್ಥೆಗೆ ತಕ್ಕಂತೆ ಎಂಟು ಬಗೆಯಾಗಿ ವಿಂಗಡಿಸಿ, ಓದುಗರನ್ನು ಹಾಗೆಯೇ ಬಿಟ್ಟುಬಿಟ್ಟ. ಆತನ ಕಾಲಕ್ಕೆ ಚೈನಾ ಮಿಯೇವಿಲ್ ಎಂಬ ಇಂಗ್ಲೆಂಡಿನ ವಿಲಕ್ಷಣ ಕಾದಂಬರಿಕಾರ ಬರೆಯಲು ಶುರುಮಾಡಿರಲಿಲ್ಲವಾದ್ದರಿಂದ ಈ ಲೋಪ ಕ್ಷಮ್ಯ. ಅದನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಇದಕ್ಕೆ ಅಧಿಕಾರಿಗಳು ಯಾರೆಂದರೆ, ಮಿಯೇವಿಲ್‌ನ ಪುಸ್ತಕವೊಂದನ್ನು ಸಿಟ್ಟಿನಲ್ಲಿ ಗೋಡೆಗೆ ಎಸೆದು, ಆಮೇಲೆ ತಾವೇ ಎದ್ದುಹೋಗಿ ಪುಟ ಮಡಚಿತೇ ಎಂದು ಸವರಿ ನೋಡಿದವರು. ಮಿಕ್ಕವರು ಓದಬಹುದು, ಫಲಪ್ರಾಪ್ತಿಯ ಭರವಸೆಯಿಲ್ಲ.

ಮೊದಲನೆಯದು ವಾಸಕಸಜ್ಜಿಕಾವಸ್ಥೆ, ಅಂದರೆ ಸಿಂಗರಿಸಿಕೊಂಡು ಕಾಯುವ ಸ್ಥಿತಿ. 2000ದಲ್ಲಿ ಬಂದ 'ಪರ್ಡಿಡೋ ಸ್ಟ್ರೀಟ್ ಸ್ಟೇಷನ್' ಇದಕ್ಕೆ ಆಕರಗ್ರಂಥ. ನ್ಯೂ ಕ್ರೊಬುಝಾನ್ ಎಂಬ ಮಸಿ ಹಿಡಿದ ಮಹಾನಗರ. ಅಲ್ಲಿ ಐಸಾಕ್ ಎಂಬ ದಢೂತಿ ವಿಜ್ಞಾನಿ. ಅವನ ಪ್ರೇಯಸಿ ಲಿನ್‌ಗೆ ಮೈ ಹೆಂಗಸಿನದು, ತಲೆಯ ಜಾಗದಲ್ಲಿ ಇಡೀ ಒಂದು ಜೀರುಂಡೆ. ಆಕೆ ಬಣ್ಣಬಣ್ಣದ ಹಣ್ಣು ಅಗಿದು, ತನ್ನ ಎಂಜಲಿನಿಂದಲೇ ಶಿಲ್ಪ ಮಾಡುತ್ತಾಳೆ. ಕನಸು ಕುಡಿಯುವ ಪತಂಗಗಳು ಊರಿಗೆ ಬಿದ್ದಾಗ ಮೇಯರ್ ನರಕದ ರಾಯಭಾರಿಯ ನೆರವು ಬೇಡಿದರೆ, ನರಕವೇ ಹೆದರಿ 'ನಮ್ಮ ಕೈಲಾಗದು' ಎಂದು ಹಿಂದೆ ಸರಿಯುತ್ತದೆ. ಕತ್ತರಿಗಳ ಮೇಲೆ ಮೋಹವಿರುವ ದೈತ್ಯ ಜೇಡವೊಂದು ಸಹಾಯಕ್ಕೆ ಬಂದು, ಸಹಾಯ ಪಡೆದವರ ಕಿವಿಗಳನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಬೀಭತ್ಸವೂ ಅದ್ಭುತವೂ ಒಂದೇ ವಾಕ್ಯದಲ್ಲಿ ಕೂಡಿ ಬಾಳಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೇ?

ಇನ್ನು ಗರುಡ. ದೇವಸ್ಥಾನದ ಮುಂದೆ ಕೈಮುಗಿದು ಕೂತ ಗರುಡನನ್ನು ನೋಡಿ ಬೆಳೆದ ನಮ್ಮವರಿಗೆ ಇಲ್ಲಿ ವಿಶೇಷ ಆಘಾತ ಕಾದಿದೆ. ಮಿಯೇವಿಲ್‌ನ ಗರುಡರದು ಮರುಭೂಮಿಯಲ್ಲಿ ಬಾಳುವ ಒಂದು ಕುಲ. ಅವರಲ್ಲೊಬ್ಬನಾದ ಯಾಘರೆಕ್‌ನ ರೆಕ್ಕೆಗಳನ್ನು ಕುಲದವರೇ ಶಿಕ್ಷೆಯೆಂದು ಗರಗಸದಿಂದ ಕೊಯ್ದಿದ್ದಾರೆ. ಮರದ ಚೌಕಟ್ಟನ್ನು ಬೆನ್ನಿಗೆ ಕಟ್ಟಿ, ಮೇಲೆ ನಿಲುವಂಗಿ ಹೊದ್ದು, ರೆಕ್ಕೆಯಿದೆಯೆಂದು ನಟಿಸುತ್ತ ಅವನು ಐಸಾಕ್‌ನ ಬಾಗಿಲಿಗೆ ಬರುತ್ತಾನೆ: ನನ್ನನ್ನು ಮತ್ತೆ ಹಾರಿಸು. ಏಳುನೂರಕ್ಕೂ ಹೆಚ್ಚು ಪುಟ ನಾವು ಆ ಹಾರಾಟಕ್ಕಾಗಿ ಕಾಯುತ್ತೇವೆ. (ಕಥಾಂತ್ಯ ಹೇಳಬಾರದೆಂಬ ಆಧುನಿಕರ ಮಡಿ ಶಾಸ್ತ್ರಗ್ರಂಥಗಳಿಗೆ ಅನ್ವಯಿಸದು.) ಕೊನೆಗೆ ಅವನ ಅಪರಾಧ ಅತ್ಯಾಚಾರವೆಂದು ತಿಳಿಯುತ್ತದೆ, ಐಸಾಕ್ ಅವನನ್ನು ಬಿಟ್ಟು ಹೊರಡುತ್ತಾನೆ. ಅವನು ಮೈಮೇಲಿನ ಗರಿಗಳನ್ನೆಲ್ಲ ಕಿತ್ತುಕೊಂಡು ಮನುಷ್ಯರ ನಡುವೆ ನಡೆದುಹೋಗುತ್ತಾನೆ. ಹಾರಾಟವಿಲ್ಲ.

ಇದೇ ವಿಪ್ರಲಬ್ಧಾವಸ್ಥೆ: ಸಂಕೇತಸ್ಥಳಕ್ಕೆ ಹೋದರೆ ನಲ್ಲನ ಪತ್ತೆಯಿಲ್ಲ. ಈ ಒಂದು ಅವಸ್ಥೆಗೇ ಕಾದಂಬರಿಕಾರ ತನ್ನ ಪ್ರತಿಭೆಯನ್ನು ಧಾರೆಯೆರೆದಂತಿದೆ. 'ದಿ ಸ್ಕಾರ್' (2002) ನೋಡಿ. ನೂರಾರು ಹಡಗುಗಳನ್ನು ಬೆಸೆದು ಕಟ್ಟಿದ ತೇಲುವ ನಗರ ಆರ್ಮಾಡಾ, ಸಾಗರದ ಮಹಾಮೃಗವೊಂದಕ್ಕೆ ಲಗಾಮು ತೊಡಿಸಿ ಲೋಕದಂಚಿನ ಬಿರುಕಿನತ್ತ ಸಾಗುತ್ತದೆ. ಬಿರುಕು ಸಿಕ್ಕಿತೇ? ಹೆಡ್ರಿಗಾಲ್ ಎಂಬ ಪಾಪಾಸುಕಳ್ಳಿ ಮನುಷ್ಯ ಬಂದು 'ಅಲ್ಲಿಗೆ ಹೋಗಿದ್ದೆವು, ಎಲ್ಲರೂ ಬಿದ್ದು ಸತ್ತರು' ಎಂಬರ್ಥದ ಕಥೆ ಹೇಳುತ್ತಾನೆ. ಜನ ದಂಗೆಯೆದ್ದು ಊರನ್ನೇ ಹಿಂದಕ್ಕೆ ತಿರುಗಿಸುತ್ತಾರೆ. ನಮಗೆ ದಕ್ಕಿದ್ದು ಕಳ್ಳಿಯ ಹೇಳಿಕೆ ಮಾತ್ರ. 2004ರ 'ಐರನ್ ಕೌನ್ಸಿಲ್'ನಲ್ಲಿ ಕೂಲಿ ಸಿಗದ ಕಾರ್ಮಿಕರು ರೈಲನ್ನೇ ವಶಪಡಿಸಿಕೊಂಡು, ಹಿಂದಿನ ಹಳಿ ಕಿತ್ತು ಮುಂದೆ ಹಾಸುತ್ತ ಖಂಡವನ್ನೇ ಸುತ್ತುತ್ತಾರೆ. ಕೊನೆಗೆ ದಂಗೆಯೆದ್ದ ನಗರದ ನೆರವಿಗೆ ಮರಳಿದರೆ, ಊರ ಬಾಗಿಲಲ್ಲೇ ಅವರ ಸಂಗಾತಿ ಜೂಡಾ ಲೋ ಎಂಬವನು ಕಾಲವನ್ನು ಹೆಪ್ಪುಗಟ್ಟಿಸಿ ರೈಲನ್ನು ನಿಲ್ಲಿಸಿಬಿಡುತ್ತಾನೆ.

ಇಲ್ಲಿ ಪೂರ್ವಪಕ್ಷಿಗಳು ಹೀಗೆನ್ನುತ್ತಾರೆ: ಕರ್ತೃ ಮಾರ್ಕ್ಸ್‌ವಾದಿ, ಅಂತರರಾಷ್ಟ್ರೀಯ ಕಾನೂನಿನ ಕುರಿತು ಸಂಶೋಧಿಸಿ ಡಾಕ್ಟರೇಟ್ ಪಡೆದವನು, 2001ರಲ್ಲಿ ಸೋಷಲಿಸ್ಟ್ ಅಲಯನ್ಸ್‌ನಿಂದ ಪಾರ್ಲಿಮೆಂಟಿಗೆ ನಿಂತು ಸೋತವನು, ಕ್ರಾಂತಿ ವೇಳಾಪಟ್ಟಿಯಂತೆ ಪ್ಲಾಟ್‌ಫಾರ್ಮಿಗೆ ಬಂತೆಂದು ಅವನು ಹೇಗೆ ಸುಳ್ಳು ಬರೆದಾನು? ನಿಂತ ರೈಲು ಇನ್ನೂ ಬರಲಿರುವ ರೈಲು. ಅದನ್ನು ಮುಟ್ಟಿದರೆ ಇಂದಿಗೂ ಬಿಸಿಯಿದೆ. ಸರಿ, ಒಪ್ಪಿದೆವು. ಪೂರ್ವಪಕ್ಷ ನೂರಕ್ಕೆ ನೂರು ನಿಜ. ಆದರೂ ಟಿಕೆಟ್ ಕೊಂಡವನು ನಿಲ್ದಾಣ ಕೇಳಬಾರದೇ? ಅದಿರಲಿ, ಲಿನ್‌ಳ ಬುದ್ಧಿಯನ್ನು ಕನಸು ಕುಡಿಯುವ ಪತಂಗ ಅರ್ಧ ಹೀರಿಬಿಟ್ಟದ್ದಕ್ಕೆ ಯಾವ ವಾದದಲ್ಲೂ ಸಮಾಧಾನವಿಲ್ಲ. ಅದನ್ನು ಪ್ರಬಂಧಕಾರ ಈವರೆಗೂ ಕ್ಷಮಿಸಿಲ್ಲ.

ಮಿಕ್ಕ ಅವಸ್ಥೆಗಳಲ್ಲಿ ಮೂರು ಸುಲಭ. 2017ರಲ್ಲಿ ಮಿಯೇವಿಲ್ ರಷ್ಯಾದ ಕ್ರಾಂತಿಯ ಇತಿಹಾಸ ಬರೆಯಲು ಹೋದಾಗ ನಾವು ನಲ್ಲ ದೂರ ಹೋದ ಪ್ರೋಷಿತಭರ್ತೃಕೆಯರು. 2024ರಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ಜೊತೆ ಕಾದಂಬರಿ ಬರೆದು ಮರಳಿದಾಗ, ಅನ್ಯಸಂಗದ ಗುರುತು ಕಂಡು ಕೆರಳಿದ ಖಂಡಿತೆಯರು. 'ಕ್ರೇಕನ್' ಕಾದಂಬರಿಯಲ್ಲಿ ಮನುಷ್ಯರನ್ನು ಕಾಗದದಂತೆ ಮಡಿಸಿ ಪಾರ್ಸೆಲ್ ಮಾಡಿದಾಗ ಜಗಳವಾಡಿ ಓಡಿಸಿ, ರಾತ್ರಿ ಮತ್ತೆ ತೆರೆದ ಕಲಹಾಂತರಿತೆಯರು.

ನಲ್ಲ ಕೈವಶನಾದ ಸ್ವಾಧೀನಪತಿಕೆ ಮಾತ್ರ ಸ್ವಲ್ಪ ತೊಡಕು. 'ದಿ ಸಿಟಿ ಆ್ಯಂಡ್ ದಿ ಸಿಟಿ' (2009) ಕೃತಿಯಲ್ಲಿ ಒಂದೇ ನೆಲದ ಮೇಲೆ ಎರಡು ನಗರಗಳು. ಒಂದರ ಪ್ರಜೆ ಇನ್ನೊಂದನ್ನು ಕಂಡೂ ಕಾಣದಂತೆ ನಡೆಯದಿದ್ದರೆ ಅದೇ ಅಪರಾಧ. ಗದ್ಯ ಹದವಾಗಿದೆ, ವಿಶೇಷಣಗಳು ಬಾಲ ಮಡಚಿ ಕೂತಿವೆ, 2010ರ ಹ್ಯೂಗೋ ಪ್ರಶಸ್ತಿಯಲ್ಲಿ ಪಾಲೂ ಬಂತು. ನಾವು ಬಯಸಿದ ಶಿಸ್ತೆಲ್ಲ ಇಲ್ಲಿದೆ. ಓದಿ ಮುಗಿಸಿ ಗೌರವದಿಂದ ಕಪಾಟಿನಲ್ಲಿಟ್ಟೆವು. ಮರುದಿನ ಕೈ ಹೋದದ್ದು ಜೀರುಂಡೆ ತಲೆಯವಳ ಕಡೆಗೇ.

ಭರತ ಹೇಳದ ಒಂಬತ್ತನೆಯ ಅವಸ್ಥೆಯೊಂದಿದೆ, ಅದು ಸಖಿಯದು. ಇಷ್ಟೆಲ್ಲ ದೂರು ಹೇಳಿದವನೇ ಪರಿಚಿತರೊಬ್ಬರ ಕೈಗೆ ಆ ದಪ್ಪ ಪುಸ್ತಕ ತುರುಕಿ, 'ನೂರು ಪುಟದವರೆಗೆ ತಾಳಿಕೊಳ್ಳಿ ಸಾರ್, ಆಮೇಲೆ ಬಿಡೋಕಾಗಲ್ಲ. ಕೊನೆ ಬಗ್ಗೆ ಮಾತ್ರ ನನಗೆ ಫೋನ್ ಮಾಡಬೇಡಿ' ಎನ್ನುತ್ತಾನೆ.