ಶಾಸನದ ರಾಯರು

ಬೆಳಿಗ್ಗೆ ಮೈಸೂರಿನ ಗೋಕುಲಂನಲ್ಲಿ ಎರಡು ಬಗೆಯ ಜನ ನೆಲಕ್ಕೆ ಬಗ್ಗುತ್ತಾರೆ. ಯೋಗ ಕಲಿಯಲು ಚಾಪೆ ಹೊತ್ತು ದೂರದೇಶದಿಂದ ಬಂದವರು ಒಂದು ಬಗೆ. ಪುರಾತತ್ವ ಇಲಾಖೆಯಿಂದ ನಿವೃತ್ತರಾದ ನಮ್ಮ ಶಾಸನದ ರಾಯರು ಇನ್ನೊಂದು.

ಒಳಚರಂಡಿಗೆಂದು ರಸ್ತೆ ಅಗೆದರೆ ಉಳಿದವರು ಪಾಲಿಕೆಯನ್ನು ಬಯ್ಯುತ್ತಾರೆ. ರಾಯರು ಕುಕ್ಕರಗಾಲಲ್ಲಿ ಕೂತು ಪದರ ಎಣಿಸುತ್ತಾರೆ. "ಮೇಲೆ ಡಾಂಬರು, ಕೆಳಗೆ ಜಲ್ಲಿ, ಅದರ ಕೆಳಗೆ ಮತ್ತೆ ಡಾಂಬರು. ನಡುವೆ ಒಂದು ಚುನಾವಣೆ ಆಗಿಹೋಗಿದೆ!" ಆಮೇಲೆ, ಎಂ. ಶೇಷಾದ್ರಿಯವರು ಟಿ. ನರಸೀಪುರದಲ್ಲಿ ನವಶಿಲಾಯುಗದ ನೆಲೆ ಅಗೆಸಿದ ಕಥೆಯನ್ನು ಗುದ್ದಲಿ ಹಿಡಿದವನಿಗೆ ಒಪ್ಪಿಸುತ್ತಾರೆ. ಅವನದು ಒಂದೇ ಪ್ರಶ್ನೆ: "ನಿಧಿ ಸಿಕ್ತಾ ಬುದ್ಧೀ?" ರಾಯರು ಸರ್ವೀಸಿನುದ್ದಕ್ಕೂ ಊರೂರಲ್ಲಿ ಕೇಳಿಸಿಕೊಂಡದ್ದು ಇದೇ. ಸಿಕ್ಕಿದ್ದು ಮಡಕೆ ಚೂರು, ಮೂಳೆ, ಟಿ.ಎ. ಬಿಲ್ಲಿನ ಮೇಲೆ ಆಡಿಟ್ ಆಕ್ಷೇಪಣೆ.

ಪಕ್ಕದ ಮನೆ ಹುಡುಗ ಕೇಳಿದ, "ಅಂಕಲ್, ಆರ್ಕಿಯಾಲಜೀಲಿ ಸ್ಕೋಪ್ ಇದೆಯಾ?"

"ಇದೆ ಮರಿ. ಆರಡಿಯಿಂದ ಕೆಳಗೆ."

ಸುಮ್ಮನೆ ಹೇಳಿ ಬಿಡುವವರಲ್ಲ. ಹುಡುಗನನ್ನು ಪಾರ್ಕಿನ ಶಂಕುಸ್ಥಾಪನೆ ಕಲ್ಲಿನ ಮುಂದೆ ನಿಲ್ಲಿಸಿದರು. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಗುಳಿಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿದು, ಮಸಿಯುಂಡೆ ಒತ್ತಿದರು. ಕಪ್ಪಿನ ನಡುವೆ ಬಿಳಿ ಅಕ್ಷರ ಎದ್ದು ಪಡಿಯಚ್ಚು ಸಿದ್ಧ. "1936ರಲ್ಲಿ ಎಂ.ಎಚ್. ಕೃಷ್ಣರು ಗುರುತಿಸಿದ ಹಲ್ಮಿಡಿ ಶಾಸನದಲ್ಲಿ ಇರೋದು ಹದಿನಾರೇ ಸಾಲು. ಅಷ್ಟರಲ್ಲೇ ದೊರೆ, ಯುದ್ಧ, ದಾನ ಎಲ್ಲ ಇದೆ. ಇಲ್ಲಿ ನೋಡು, ಪೂರ್ತಿ 'ಘನ ಉಪಸ್ಥಿತಿ'ಯೇ!" ಹುಡುಗ ಮಾರನೆಯ ದಿನ ಕಂಪ್ಯೂಟರ್ ಸೈನ್ಸಿಗೆ ಫೀಸು ಕಟ್ಟಿದ.

ರಾಯರ ಕಾಂಪೌಂಡಿನ ಮೂಲೆಗೆ ಯಾರೋ ರಾತ್ರಿ ಕಸ ಎಸೆಯುತ್ತಿದ್ದರು. ರಾಯರು ಹಳೆಯ ದಾನಶಾಸನಗಳ ಧಾಟಿಯಲ್ಲೇ ಫಲಕ ಬರೆಸಿದರು: "ಇಲ್ಲಿ ಕಸ ಸುರಿದವರು ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪಕ್ಕೆ ಹೋಗುವರು." ಯೋಗದವರು ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಕಸ ಬರುತ್ತಲೇ ಇತ್ತು. ರಾಯರು ಕರಣೆ, ಕುಂಚ ಹಿಡಿದು ಕಸವನ್ನೇ ಪದರಪದರವಾಗಿ ಬಿಡಿಸತೊಡಗಿದರು.

ಅವರ ಶ್ರೀಮತಿಯವರದು ಬೇರೆ ಶಾಸ್ತ್ರ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಜನರೊಡನೆ ಕೂತೆದ್ದು ಮಾಡಿದ ಕೆಲಸವನ್ನು ಇವರು ಗೇಟಿನ ಬಳಿಯೇ ಮಾಡುತ್ತಾರೆ. ಸೊಪ್ಪಿನವಳ ಜೊತೆ ಹತ್ತು ನಿಮಿಷ ನಿಂತು ಒಳಗೆ ಬಂದವರೇ, "ಕಸ ಹಾಕೋದು ಮೂಲೆ ಮನೆಯವರು," ಎಂದರು.

"ಬಾಯಿಮಾತು ಆಧಾರ ಆಗಲ್ಲ ಕಣೇ. ಪುರಾವೆ ಬೇಕು."

"ಹಾಗಾದ್ರೆ ಇಲ್ಲೇ ಕೂತಿರಿ. ಸಾವಿರ ವರ್ಷ ಆದ್ಮೇಲೆ ಯಾರಾದ್ರೂ ಅಗೆದು ಹೇಳ್ತಾರೆ."